ಸುಪೀರಿಯರ್ ಸರೋವರಕ್ಕೆ ಒಬ್ಬರೇ ಕ್ಯಾಂಪರ್‌ನಲ್ಲಿ: ಯಾವ ದಡ?

ಅಮೆರಿಕದ ಮಿನ್ನೆಸೋಟ, ಕೆನಡಾದ ಒಂಟಾರಿಯೊ, ಮತ್ತೆ ಅಮೆರಿಕದ ಮಿಷಿಗನ್. ಮೂರೂ ಒಂದೇ ಸರೋವರದ ದಡ, ಆದ್ರೆ ಕ್ಯಾಂಪರ್‌ನಲ್ಲಿ, ಅಂದರೆ ಒಳಗೇ ಮಲಗುವ ಗಾಡಿಯಲ್ಲಿ, ಒಬ್ಬರೇ ಹೊರಟವರಿಗೆ ಮೂರು ಬೇರೆ ಬೇರೆ ಪ್ರಯಾಣ.

ಮೊದಲು ದೂರ ನೋಡಿ. ಮಿನ್ನೆಸೋಟ ಕಡೆ ಡುಲುತ್‌ನಿಂದ ಗ್ರ್ಯಾಂಡ್ ಪೋರ್ಟೇಜ್‌ವರೆಗೆ ಹೈವೇ 61ರಲ್ಲಿ ಸುಮಾರು 240 ಕಿ.ಮೀ. ಗೂಸ್‌ಬೆರಿ ಜಲಪಾತ, ಸ್ಪ್ಲಿಟ್ ರಾಕ್ ದೀಪಸ್ತಂಭ ಎಲ್ಲ ದಾರಿಯಲ್ಲೇ ಸಿಗುತ್ತವೆ. ಊರುಗಳೂ ಹತ್ತಿರ ಹತ್ತಿರ. ಮೊದಲ ಸಲ ಒಬ್ಬರೇ ಹೋಗುವವರಿಗೆ ನಾನು ಇದನ್ನೇ ಹೇಳುತ್ತೇನೆ.

ಒಂಟಾರಿಯೊ ಕಡೆ ಸೂ ಸೇಂಟ್ ಮರಿಯಿಂದ ಥಂಡರ್ ಬೇಗೆ ಸುಮಾರು 700 ಕಿ.ಮೀ. ನೋಟ ಅದ್ಭುತ, ಆದರೆ ಸ್ಟೀರಿಂಗ್ ಹಿಡಿಯಲು ಇನ್ನೊಬ್ಬರಿಲ್ಲ, ಅಲ್ವಾ? ಬಂಕ್ ಕಂಡಲ್ಲಿ ಟ್ಯಾಂಕ್ ತುಂಬಿಸಿ. ಎಷ್ಟೋ ಕಡೆ ಮೊಬೈಲ್ ಸಿಗ್ನಲ್ ಇಲ್ಲ. ಮುಸ್ಸಂಜೆಗೆ ಮೂಸ್ ಎಂಬ ಭಾರಿ ಗಾತ್ರದ ಜಿಂಕೆಗಳು ರಸ್ತೆಗೆ ಬರುತ್ತವೆ, ಅಷ್ಟರಲ್ಲಿ ಗಾಡಿ ನಿಲ್ಲಿಸಿಬಿಡಿ. ಅಗಾವಾ ಬೇಯಲ್ಲಿ ನೀರಿನ ಪಕ್ಕದಲ್ಲೇ ತಂಗಬಹುದು. ವಾರಕ್ಕಿಂತ ಜಾಸ್ತಿ ರಜೆ ಇದ್ದರೆ ಈ ದಡವೇ ಸರಿ.

ಮಿಷಿಗನ್‌ನಲ್ಲಿ ದಡದುದ್ದಕ್ಕೂ ಇರುವ ಸಂರಕ್ಷಿತ ತಾಣ ಪಿಕ್ಚರ್ಡ್ ರಾಕ್ಸ್‌ನಲ್ಲಿ ಓಡಾಟ ಕಮ್ಮಿ, ತಂಗುವುದೇ ಜಾಸ್ತಿ. ಅಲ್ಲಿನ ಕ್ಯಾಂಪಿಂಗ್ ಜಾಗ ಟ್ವೆಲ್ವ್‌ಮೈಲ್ ಬೀಚ್‌ನಲ್ಲಿ ಕರೆಂಟ್, ಷವರ್ ಇಲ್ಲ. ಇನ್ನೊಂದು ಕ್ಯಾಂಪಿಂಗ್ ಜಾಗ ಲಿಟಲ್ ಬೀವರ್‌ಗೆ ಹೋಗುವ ದಾರಿ ಕಿರಿದು, ತಿರುವು ಜಾಸ್ತಿ. ಚಿಕ್ಕ ವ್ಯಾನ್‌ಗೆ ಚೆನ್ನ, ದೊಡ್ಡ ಗಾಡಿಗೆ ಬೇಡ.

ಖರ್ಚಿನಲ್ಲಿ ಪೆಟ್ರೋಲೇ ದೊಡ್ಡದು, ಹಾಗಾಗಿ ಒಂಟಾರಿಯೊ ಭಾರ. ಅಮೆರಿಕದಲ್ಲಿ ವೀಸಾ ಮೇಲಿರುವವರು ಗಡಿ ದಾಟುವ ಮುಂಚೆ ಕೆನಡಾ ವೀಸಾ, ವಾಪಸ್ ಬರುವ ಕಾಗದ ಎರಡನ್ನೂ ನೋಡಿಕೊಳ್ಳಿ. ಯಾವ ದಡವಾದರೂ ಸೌದೆ ಮನೆಯಿಂದ ಒಯ್ಯಬೇಡಿ, ಅದರ ಜೊತೆ ಮರ ಕೊಲ್ಲುವ ಹುಳು ಹರಡುತ್ತದೆ.