ನೋಡೋ ಕಾಪಿಗೆ ಡಿವಿಡಿ ಶ್ರಿಂಕ್ ಸಾಕು, ಜೋಪಾನಕ್ಕೆ ಸಾಲದು

ಡಿವಿಡಿ ಶ್ರಿಂಕ್ ಅಂದರೆ ದೊಡ್ಡ ಡಿವಿಡಿಯನ್ನು ಮಾಮೂಲಿ ಡಿಸ್ಕಿನಲ್ಲಿ ಹಿಡಿಸುವಷ್ಟು ಚಿಕ್ಕದು ಮಾಡುವ ಸಾಫ್ಟ್‌ವೇರ್. ಇದರ ಕೊನೆಯ ಆವೃತ್ತಿ 3.2.0.15 ಬಂದಿದ್ದು 2004ರಲ್ಲಿ. ವಿಂಡೋಸ್ ಎಕ್ಸ್‌ಪಿ ಕಾಲದ್ದು. ನಾನು ಆಗಿನಿಂದ ಬಳಸುತ್ತಾ ಬಂದಿದ್ದೇನೆ, ಈಗ ವಿಂಡೋಸ್ 10ರಲ್ಲೂ ತಕರಾರಿಲ್ಲದೆ ಓಡುತ್ತಿದೆ. ಉಚಿತ. ಇದರ ಹೆಸರಲ್ಲಿ ದುಡ್ಡು ಕೇಳುವ ಸೈಟ್ ಕಂಡರೆ ಅಲ್ಲಿಂದ ಎದ್ದು ಬನ್ನಿ.

ಇಷ್ಟು ಹಳೇ ಸಾಫ್ಟ್‌ವೇರ್ ಇನ್ನೂ ಯಾಕೆ ಬೇಕು ಅಂದರೆ, ನಮ್ಮ ಚಿಕ್ಕಮಗಳೂರು ಕಡೆ ಮದುವೆ, ಗೃಹಪ್ರವೇಶ, ಸ್ಕೂಲ್ ಡೇ ಎಲ್ಲಾ ಬಹಳ ವರ್ಷ ಡಿವಿಡಿಯಲ್ಲೇ ಮನೆಗೆ ಬಂದವು. ನೆಂಟರ ಮನೆಗಳಲ್ಲಿ ಡಿವಿಡಿ ಪ್ಲೇಯರ್ ಇನ್ನೂ ಕೂತಿದೆ. ಬಾಳೆಹೊನ್ನೂರಿನ ದೊಡ್ಡಮ್ಮನಿಗೆ ಫೋನಿಗೆ ವಿಡಿಯೋ ಕಳಿಸಿದರೆ, "ಇಷ್ಟು ದೊಡ್ಡ ಟಿವಿ ಇಟ್ಕೊಂಡು ಇದರಲ್ಲಿ ಯಾಕೋ ನೋಡ್ಲಿ? ಡಿವಿಡಿ ಹಾಕ್ಕೊಡು" ಅಂತಾರೆ. ಹಾಕಿಕೊಡಬೇಕು, ಬೇರೆ ದಾರಿ ಇಲ್ಲ.

ತೊಂದರೆ ಇರುವುದು ಅಳತೆಯಲ್ಲಿ. ಕೆಲವು ಸ್ಟುಡಿಯೋದವರು ಮದುವೆಯನ್ನು ಡ್ಯುಯಲ್ ಲೇಯರ್ (ಎರಡು ಪದರದ) ಡಿಸ್ಕಿನಲ್ಲಿ ಕೊಡುತ್ತಿದ್ದರು. ಅದರಲ್ಲಿ 8.5 ಜಿಬಿ ಹಿಡಿಯುತ್ತದೆ. ಅಂಗಡಿಯಲ್ಲಿ ಸಿಗುವ ಮಾಮೂಲಿ ಖಾಲಿ ಡಿಸ್ಕಿನದು 4.7 ಜಿಬಿ. ವಿಂಡೋಸ್‌ನಲ್ಲಿ ಇವೇ 7.95 ಮತ್ತು 4.37 ಅಂತ ಕಾಣುತ್ತವೆ. ಡಿಸ್ಕ್ ತಯಾರಿಸುವವರು ಸಾವಿರದ ಲೆಕ್ಕ ಹಿಡಿಯುತ್ತಾರೆ, ವಿಂಡೋಸ್ 1024ರ ಲೆಕ್ಕ ಹಿಡಿಯುತ್ತದೆ, ಅಷ್ಟೇ. ಡಿಸ್ಕ್ ಹಾಳಾಗಿದೆ ಅಂತ ಅಂಗಡಿಗೆ ವಾಪಸ್ ಒಯ್ಯಬೇಡಿ.

ಡಿವಿಡಿ ಶ್ರಿಂಕ್ ಈ ಎಂಟನ್ನು ನಾಲ್ಕಕ್ಕೆ ಇಳಿಸುತ್ತದೆ. ವಿಡಿಯೋವನ್ನು ಮೊದಲಿನಿಂದ ಹೊಸದಾಗಿ ಎನ್‌ಕೋಡ್ ಮಾಡುವುದಿಲ್ಲ. ಇರುವ ಎಂಪೆಗ್-2 (ಡಿವಿಡಿ ವಿಡಿಯೋದ ಫಾರ್ಮ್ಯಾಟ್) ಡೇಟಾದಲ್ಲೇ ಸಣ್ಣ ಸಣ್ಣ ವಿವರಗಳನ್ನು ಕಿತ್ತು ಬಿಸಾಡುತ್ತದೆ. ಹಾಗಾಗಿ ಕೆಲಸ ಬೇಗ ಮುಗಿಯುತ್ತದೆ. ಹಾಗಾಗಿಯೇ ಜಾಸ್ತಿ ಹಿಂಡಿದರೆ ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ. ಮೇಲೊಂದು ಉದ್ದ ಪಟ್ಟಿ ಇದೆ, ಅಳತೆ ಮೀರಿದರೆ ಕೆಂಪಾಗುತ್ತದೆ. ಪಕ್ಕದಲ್ಲಿ ಶೇಕಡಾ ಎಷ್ಟು ಉಳಿಯುತ್ತಿದೆ ಅಂತ ತೋರಿಸುತ್ತದೆ. ನನ್ನ ಕಣ್ಣಿಗೆ 75ರ ಮೇಲಿದ್ದರೆ ವ್ಯತ್ಯಾಸ ಗೊತ್ತಾಗುವುದಿಲ್ಲ. 60ಕ್ಕಿಂತ ಕೆಳಗೆ ಹೋದರೆ ನಾನು ಆ ಕೆಲಸ ಮಾಡುವುದೇ ಇಲ್ಲ.

ಸಾಮಾನ್ಯವಾಗಿ ಎಲ್ಲರೂ 'ಆಟೋಮ್ಯಾಟಿಕ್' ಬಿಟ್ಟು ಸುಮ್ನಾಗುತ್ತಾರೆ. ಮದುವೆ ಡಿವಿಡಿಗೆ ಅದು ಸರಿಹೋಗುವುದಿಲ್ಲ. ಯಾಕಂದ್ರೆ ಮದುವೆ ವಿಡಿಯೋ ಎಲ್ಲಾ ಕಡೆ ಒಂದೇ ಥರ ಇರುವುದಿಲ್ಲ. ಆರತಕ್ಷತೆಯಲ್ಲಿ ಗಂಡು ಹೆಣ್ಣು ನಿಂತಲ್ಲೇ ನಿಂತಿರುತ್ತಾರೆ, ಹಿಂದಿನ ಪರದೆ ಅಲ್ಲಾಡುವುದಿಲ್ಲ, ಜನ ಬಂದು ಕವರ್ ಕೊಟ್ಟು ಫೋಟೋಗೆ ನಿಂತು ಹೋಗುತ್ತಾರೆ. ಇದನ್ನು ಎಷ್ಟು ಹಿಂಡಿದರೂ ತಡೆಯುತ್ತದೆ. ಧಾರೆ ಹಾಗಲ್ಲ. ನೂರು ಕೈಗಳಿಂದ ಅಕ್ಷತೆ ಹಾರುತ್ತದೆ, ಹೋಮದ ಹೊಗೆ, ಫ್ಲ್ಯಾಷ್ ಮೇಲೆ ಫ್ಲ್ಯಾಷ್. ಪ್ರತಿ ಫ್ರೇಮಿನಲ್ಲೂ ಎಲ್ಲಾ ಬದಲಾಗುತ್ತಿರುತ್ತದೆ. ಮೊದಲು ಒಡೆಯುವುದು ಅದೇ ಜಾಗ. ನೆಂಟರೆಲ್ಲ ಮತ್ತೆ ಮತ್ತೆ ಹಾಕಿ ನೋಡುವುದೂ ಅದನ್ನೇ ಅಲ್ವಾ?

ಸ್ಟುಡಿಯೋದವರು ಧಾರೆ, ಆರತಕ್ಷತೆ ಅಂತ ಬೇರೆ ಬೇರೆ ಟೈಟಲ್ (ಡಿಸ್ಕಿನೊಳಗೆ ಬೇರೆ ಬೇರೆ ವಿಡಿಯೋ) ಮಾಡಿದ್ದರೆ ಪ್ರತಿಯೊಂದಕ್ಕೂ ಬೇರೆ ಬೇರೆ ಕಂಪ್ರೆಷನ್, ಅಂದರೆ ಹಿಂಡುವ ಪ್ರಮಾಣ, ಕೊಡಬಹುದು. ಧಾರೆಗೆ 'ನೋ ಕಂಪ್ರೆಷನ್' ಇಡಿ, ಆರತಕ್ಷತೆಯ ಮೇಲೆ ಭಾರ ಹಾಕಿ. ಎಲ್ಲಾ ಒಂದೇ ಟೈಟಲ್ ಆಗಿದ್ದರೆ 'ರೀ-ಆಥರ್'ಗೆ ಹೋಗಿ ಅಲ್ಲೇ ತುಂಡು ಮಾಡಿಕೊಳ್ಳಬಹುದು, ಶುರು ಮತ್ತು ಕೊನೆಯ ಫ್ರೇಮ್ ಗುರುತು ಮಾಡಲು ಬಿಡುತ್ತದೆ. ಹಾಗೆ ಮಾಡಿದರೆ ಮೆನು ಹೋಗುತ್ತದೆ. ಹೋಗಲಿ ಬಿಡಿ, ಗುಲಾಬಿ ಹೂವು ತಿರುಗುವ ಮೆನು ಯಾರಿಗೆ ಬೇಕಾಗಿದೆ. ಹಿಂಡುವ ಮೊದಲು ಇಡೀ ವಿಡಿಯೋವನ್ನು ಒಮ್ಮೆ ಪರಿಶೀಲಿಸುವ 'ಡೀಪ್ ಅನಾಲಿಸಿಸ್' ಮಾತ್ರ ಬಿಡಬೇಡಿ. ಹಿಂದಿನ ಕಂಪ್ಯೂಟರುಗಳಲ್ಲಿ ಅದಕ್ಕೆ ಕಾದು ಕಾದು ಸಾಕಾಗುತ್ತಿತ್ತು, ಈಗ ಹಾಗಿಲ್ಲ.

ಇದರ ದೊಡ್ಡ ಕೊರತೆ ಆಡಿಯೋದಲ್ಲಿದೆ. ವಿಡಿಯೋ ಹಿಂಡುತ್ತದೆ, ಆಡಿಯೋ ಮುಟ್ಟುವುದಿಲ್ಲ. ಬೇಡದ ಆಡಿಯೋ ಟ್ರ್ಯಾಕ್ ಇದ್ದರೆ ತೆಗೆದುಹಾಕಬಹುದು, ಅಷ್ಟೇ. ಮದುವೆ ಡಿವಿಡಿಗಳಲ್ಲಿ ಆಡಿಯೋ ಪಿಸಿಎಂ, ಅಂದರೆ ಹಿಂಡದೇ ಇಟ್ಟ ಆಡಿಯೋ, ಆಗಿದ್ದರೆ ಕಷ್ಟ. ಸ್ಟೀರಿಯೋ ಪಿಸಿಎಂ ಸೆಕೆಂಡಿಗೆ ಸುಮಾರು 1.5 ಮೆಗಾಬಿಟ್ ತಿನ್ನುತ್ತದೆ. ಮೂರು ಗಂಟೆಯ ಮದುವೆ ಅಂದರೆ ಆಡಿಯೋಗೇ 2 ಜಿಬಿ ಹೋಯಿತು. 4.7ರಲ್ಲಿ ವಿಡಿಯೋಗೆ ಉಳಿದಿದ್ದು 2.7 ಜಿಬಿ. ಒರಿಜಿನಲ್ ಡಿಸ್ಕ್ ತುಂಬಿದ್ದರೆ ಅದರ ವಿಡಿಯೋ 6.5 ಜಿಬಿ ಇರುತ್ತದೆ, ಅದನ್ನು ಅರ್ಧಕ್ಕಿಂತ ಕಡಿಮೆಗೆ ತರಬೇಕು. ಹೀಗಿದ್ದಾಗ ಡಿವಿಡಿ ಶ್ರಿಂಕ್ ಜೊತೆ ಗುದ್ದಾಡುವುದು ವೇಸ್ಟು. 8.5ನ್ನು ಎರಡು ಭಾಗ ಮಾಡಿದರೆ ತಲಾ 4.25. ಎರಡು ಮಾಮೂಲಿ ಡಿಸ್ಕಿನಲ್ಲಿ ಒಂದು ಚೂರೂ ಹಿಂಡದೆ ಕೂರುತ್ತದೆ. ವರಪೂಜೆಯಿಂದ ಧಾರೆ ತನಕ ಒಂದು, ಆರತಕ್ಷತೆ ಇನ್ನೊಂದು. ದೊಡ್ಡಮ್ಮ ಎದ್ದು ಡಿಸ್ಕ್ ಬದಲಾಯಿಸಬೇಕು, ನಡುವೆ ಕಾಫಿ ಆಗುತ್ತದೆ.

ಡ್ಯುಯಲ್ ಲೇಯರ್ ಖಾಲಿ ಡಿಸ್ಕನ್ನೇ ತರಬಹುದಲ್ಲ ಅಂತ ಕೇಳಬಹುದು. ಐಜಿ ರಸ್ತೆ, ಎಂಜಿ ರಸ್ತೆ ಎರಡರಲ್ಲೂ ಕೇಳಿದ್ದೇನೆ, ಸಿಗಲಿಲ್ಲ. ಆನ್‌ಲೈನಿನಲ್ಲಿ ಒಂದರ ಬೆಲೆಗೆ ಮಾಮೂಲಿ ಡಿಸ್ಕ್ ಹಲವು ಬರುತ್ತವೆ. ಹಳೇ ಪ್ಲೇಯರುಗಳು ಮೊದಲ ಪದರದಿಂದ ಎರಡನೆಯದಕ್ಕೆ ದಾಟುವಾಗ ಒಂದು ಕ್ಷಣ ನಿಂತು ಮುಂದೆ ಹೋಗುವುದೂ ಉಂಟು. ಮಾಮೂಲಿ ಡಿಸ್ಕೂ ಮೊದಲಿನ ಹಾಗೆ ಸಿಗುತ್ತಿಲ್ಲ. ನಮ್ಮಲ್ಲಿ ಎಲ್ಲಾ ಅಂಗಡಿಯಲ್ಲೂ ಇರುತ್ತಿದ್ದ ಡಿಸ್ಕುಗಳನ್ನು ಮಾಡುತ್ತಿದ್ದ ಮೋಸರ್ ಬೇರ್ ಕಂಪನಿ 2018ರಲ್ಲೇ ಲಿಕ್ವಿಡೇಶನ್‌ಗೆ ಹೋಯಿತು.

ಮಲೆನಾಡಿನವರಿಗೆ ಇನ್ನೊಂದು ವಿಷಯ. ಮಳೆಗಾಲದಲ್ಲಿ ಡಿಸ್ಕಿನ ಮೇಲೆ ಬೂಷ್ಟು ಹಿಡಿಯುತ್ತದೆ. ಮೆತ್ತನೆ ಬಟ್ಟೆಯಲ್ಲಿ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ, ಸುತ್ತ ತಿರುಗಿಸಿ ಉಜ್ಜಬೇಡಿ. ಓದಲು ಕಷ್ಟವಾಗುವ ಡಿಸ್ಕ್ ಕೊಟ್ಟರೆ ಡಿವಿಡಿ ಶ್ರಿಂಕ್ ಎರರ್ ತೋರಿಸಿ ಕೈಚೆಲ್ಲುತ್ತದೆ. ಅದಕ್ಕೇ ನಾನು ಮೊದಲು ಇಮ್ಗ್‌ಬರ್ನ್ ಅನ್ನೋ ಸಾಫ್ಟ್‌ವೇರಿನಲ್ಲಿ ಇಡೀ ಡಿಸ್ಕನ್ನು ಐಎಸ್‌ಓ ಫೈಲ್ (ಡಿಸ್ಕಿನ ಯಥಾವತ್ ನಕಲು) ಮಾಡಿಕೊಳ್ಳುತ್ತೇನೆ. ಅದೂ ಉಚಿತ, ಓದಲಾಗದ ಕಡೆ ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಆಮೇಲೆ ಆ ಫೈಲನ್ನು ಶ್ರಿಂಕ್‌ನಲ್ಲಿ 'ಓಪನ್ ಡಿಸ್ಕ್ ಇಮೇಜ್' ಅಂತ ತೆರೆಯುತ್ತೇನೆ. ಬರ್ನ್ ಮಾಡುವಾಗ, ಅಂದರೆ ಖಾಲಿ ಡಿಸ್ಕಿಗೆ ಬರೆಯುವಾಗ, ಕರೆಂಟ್ ಹೋದರೆ ಆ ಡಿಸ್ಕ್ ಕಸದ ಬುಟ್ಟಿಗೆ. ಜೂನ್‌ನಿಂದ ಆಗಸ್ಟ್ ತನಕ ಲ್ಯಾಪ್‌ಟಾಪ್ ಇಲ್ಲವೇ ಯುಪಿಎಸ್ ಇದ್ದರೆ ಮಾತ್ರ ಬರ್ನ್ ಮಾಡಿ.

ಆ ಐಎಸ್‌ಓ ಫೈಲನ್ನು ಅಳಿಸಬೇಡಿ. ಹಳೇ ಡಬ್ಬಾ ಟಿವಿಯ ಕಾಲದಲ್ಲಿ ಶೇಕಡಾ 55ಕ್ಕೆ ಇಳಿಸಿ ಮಾಡಿದ ಕಾಪಿಗಳು ಆಗ ಚೆನ್ನಾಗಿಯೇ ಕಾಣುತ್ತಿದ್ದವು. ಈಗ 43 ಇಂಚಿನ ಎಲ್‌ಇಡಿಯಲ್ಲಿ ಹಾಕಿದರೆ ಮುಖದ ಮೇಲೆ ಚೌಕ ಎಣಿಸಬಹುದು. ಬಿಸಾಡಿದ ವಿವರ ಯಾವ ಸಾಫ್ಟ್‌ವೇರಿನಿಂದಲೂ ವಾಪಸ್ ಬರುವುದಿಲ್ಲ. ಹಾಗಾಗಿ ನೆಂಟರಿಗೆ ಶ್ರಿಂಕ್ ಮಾಡಿದ ಡಿಸ್ಕ್, ಮನೆಗೆ ಹಾರ್ಡ್ ಡಿಸ್ಕಿನಲ್ಲಿ ಪೂರ್ತಿ ಐಎಸ್‌ಓ. 1 ಟಿಬಿ ಹಾರ್ಡ್ ಡಿಸ್ಕಿನಲ್ಲಿ ಇಂಥ ನೂರು ಮದುವೆ ಹಿಡಿಯುತ್ತವೆ.

ಸಿನಿಮಾ ಡಿವಿಡಿಗಳ ಬಗ್ಗೆ ಯಾರಾದರೂ ಕೇಳೇ ಕೇಳುತ್ತಾರೆ. ಅವಕ್ಕೆ ಕಾಪಿ ಮಾಡದಂತೆ ತಡೆಯುವ ಬೀಗ ಇರುತ್ತದೆ. ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಆ ಬೀಗ ಮುರಿಯುವುದಕ್ಕೆ ನಮ್ಮ ಕಾಪಿರೈಟ್ ಕಾಯ್ದೆಯಲ್ಲಿ 2012ರ ತಿದ್ದುಪಡಿಯಿಂದ 65ಎ ಸೆಕ್ಷನ್ ಬಂದಿದೆ, ಜೈಲು ದಂಡ ಎರಡೂ ಇದೆ. ನಾನು ಆ ಕಡೆ ಹೋಗುವುದಿಲ್ಲ.

ಐದಕ್ಕೆ ನಾಲ್ಕು ಸ್ಟಾರ್. ಆಡಿಯೋ ಕೂಡ ಹಿಂಡುವಂತಿದ್ದರೆ ಐದೂ ಕೊಡುತ್ತಿದ್ದೆ.