ಗಿಟಾರ್ ಆಂಪ್ ಕೊಳ್ಳುವವರೇ, ಡಬ್ಬದ ಮೇಲಿನ ವಾಟ್ ನೋಡಿ ದುಡ್ಡು ಕೊಡಬೇಡಿ

ಬ್ಯಾಂಡ್ ಜೊತೆ ನುಡಿಸಲೆಂದು ಆಂಪ್, ಅಂದರೆ ಗಿಟಾರಿನ ಶಬ್ದ ಹೆಚ್ಚಿಸುವ ಆಂಪ್ಲಿಫೈಯರ್, ಹುಡುಕುತ್ತಿರುವವರು ದಯವಿಟ್ಟು ಇದನ್ನು ಓದಿ. ಡ್ರಮ್ಸ್ ಮತ್ತು ಬೇಸ್ ಗಿಟಾರ್ ಇರುವ ತಂಡಕ್ಕೆ ಬೇಕು ಎಂದು ನಾನು ಅಂಗಡಿಯಲ್ಲಿ ಸ್ಪಷ್ಟವಾಗಿಯೇ ಹೇಳಿದ್ದೆ. ಮಾರಾಟಗಾರರು ಡಬ್ಬದ ಮೇಲಿನ ‘40 ವಾಟ್’ ಎಂಬ ದಪ್ಪಕ್ಷರ ತೋರಿಸಿ, ಧಾರಾಳವಾಗಿ ಸಾಕು ಎಂದರು. ಅಲ್ಲಿನ ಚಿಕ್ಕ ಕೋಣೆಯಲ್ಲಿ ಒಬ್ಬನೇ ನುಡಿಸಿದಾಗ ಅದು ಕಿವಿ ತುಂಬುವಂತೆಯೇ ಕೇಳಿತು.

ಅಭ್ಯಾಸದಲ್ಲಿ ಡ್ರಮ್ಮರ್ ಸ್ನೇರ್ ಡ್ರಮ್ ಬಾರಿಸಿದ್ದೇ ತಡ, ಗಿಟಾರ್ ಕಾಣೆಯಾಯಿತು. ವಾಲ್ಯೂಮ್ ಅರ್ಧ ದಾಟಿಸಿದ ಮೇಲೆ ಶಬ್ದ ಏರುವ ಬದಲು ಒಡೆಯತೊಡಗಿತು. ನಿಧಾನದ ಹಾಡೊಂದಕ್ಕೆ ಎ ಮೈನರ್ ಕಾರ್ಡ್ ಹಿಡಿದು ಒಂದೊಂದೇ ತಂತಿ ಮೀಟಿದರೆ ದಪ್ಪ ತಂತಿಗಳು ಗೊರಗುಟ್ಟುತ್ತಿದ್ದವು, ತೆಳುವಾದವು ಅದರಡಿ ಹೂತುಹೋಗುತ್ತಿದ್ದವು. ಸ್ಪೀಕರಿನ ಮುಂದಿನ ಜಾಲರಿ ಕಟಕಟ ಎಂದು ಅದುರುತ್ತಿತ್ತು. ನನಗಾಗಿ ಡ್ರಮ್ಮರ್ ಕೈ ಹಗುರ ಮಾಡಿದರು. ಹಾಡಿನ ಜೀವವೇ ಹೋಯಿತು.

ಆಂಪಿನ ಹಿಂಬದಿಗೆ ಅಂಟಿಸಿದ್ದ ಚೀಟಿಯಲ್ಲಿ ಸಣ್ಣಕ್ಷರದ ಸತ್ಯವಿತ್ತು. 40 ಎಂಬುದು ‘ಪೀಕ್’, ಅಂದರೆ ಕ್ಷಣಮಾತ್ರ ಮುಟ್ಟುವ ತುದಿ. ನಿರಂತರವಾಗಿ ಕೊಡುವ ಶಕ್ತಿ, ಅಂದರೆ ಆರ್‌ಎಂಎಸ್, 20 ವಾಟ್ ಮಾತ್ರ. ಕೊಳ್ಳುವವರಿಗೆ ಮೊದಲು ಹೇಳಬೇಕಾದ ಸಂಖ್ಯೆಯನ್ನೇ ಹಿಂದೆ ಬಚ್ಚಿಡುವುದು ನನ್ನ ಪ್ರಕಾರ ಮೋಸ.

ಆದರೆ ನಿಜವಾದ ಕೊರತೆ ಇದ್ದದ್ದು ಎಂಟು ಇಂಚಿನ ಸ್ಪೀಕರಿನಲ್ಲಿ. ವಾಟ್ ಎರಡರಷ್ಟಾದರೆ ಶಬ್ದ ಏರುವುದು ಕೇವಲ 3 ಡೆಸಿಬಲ್ (ಶಬ್ದದ ಮಟ್ಟದ ಅಳತೆ). ಕಿವಿಗೆ ಎರಡರಷ್ಟು ಜೋರೆನಿಸಲು ಸುಮಾರು 10 ಡೆಸಿಬಲ್, ಅಂದರೆ ಹತ್ತು ಪಟ್ಟು ವಾಟ್ ಬೇಕು. ಹಾಗಾಗಿ ಸ್ಪೀಕರಿನ ಸೆನ್ಸಿಟಿವಿಟಿ ಕೇಳಲೇಬೇಕು: ಒಂದು ವಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬಲ್ ಬರುತ್ತದೆ ಎಂಬ ಲೆಕ್ಕ ಅದು. 90 ಡೆಸಿಬಲಿನ ಸ್ಪೀಕರಿಗೆ 200 ವಾಟ್ ಸುರಿದರೆ ಬರುವ ಶಬ್ದವನ್ನು 100 ಡೆಸಿಬಲಿನದು 20 ವಾಟಿನಲ್ಲೇ ಕೊಡುತ್ತದೆ. ಸೆಲೆಸ್ಚನ್ ವಿಂಟೇಜ್ 30ರಂಥ ಹನ್ನೆರಡು ಇಂಚಿನ ಗಿಟಾರ್ ಸ್ಪೀಕರುಗಳು ಆ 100ರ ಮಟ್ಟದವು. 22 ವಾಟಿನ ಫೆಂಡರ್ ಡೀಲಕ್ಸ್ ರಿವರ್ಬ್ ಆಂಪ್ ದಶಕಗಳಿಂದ ವೇದಿಕೆಗಳಲ್ಲಿ ಬಳಕೆಯಲ್ಲಿರುವುದು ಸುಮ್ಮನೆ ಅಲ್ಲ.

ಗಾಜಿನ ವಾಲ್ವ್‌ಗಳಿಂದ ನಡೆಯುವ ಟ್ಯೂಬ್ ಆಂಪ್ ಮಿತಿ ದಾಟಿದಾಗಲೂ ಅದರ ಒಡೆತ ಕಿವಿಗೆ ಹಿತವಾಗಿರುತ್ತದೆ, ರಾಕ್ ನುಡಿಸುವವರಿಗೆ ಅದೇ ಬೇಕು. ಟ್ರಾನ್ಸಿಸ್ಟರ್ ಆಂಪ್ ಹಾಗಲ್ಲ. ಮಿತಿ ದಾಟಿದರೆ ಕರ್ಕಶ. ಹಾಗಾಗಿ ಅದನ್ನು ಕೊಳ್ಳುವುದಾದರೆ ಹೆಚ್ಚು ವಾಟಿನದನ್ನೇ ಕೊಳ್ಳಿ. ಸ್ವಚ್ಛವಾದ ನಾದ ಬೇಕೆನ್ನುವವರಂತೂ ಯಾವ ಬಗೆಯಾದರೂ ಅರ್ಧ ವಾಲ್ಯೂಮಿನಲ್ಲೇ ಡ್ರಮ್ಸಿಗೆ ಸಮನಾಗಿ ಕೇಳುವುದನ್ನು ಆರಿಸಿಕೊಳ್ಳಿ.

ನನ್ನದರಂಥದ್ದನ್ನು ಈಗಾಗಲೇ ಕೊಂಡಿದ್ದರೆ, ಆಂಪನ್ನು ನೆಲದಿಂದೆತ್ತಿ ಕುರ್ಚಿಯ ಮೇಲಿಟ್ಟು ಕಿವಿಯತ್ತ ವಾಲಿಸಿ. ಆಂಪಿನ ಗುಂಡಿಗಳಲ್ಲಿ ಮಿಡ್ (ನಡುವಿನ ಸ್ವರಗಳು) ಏರಿಸಿ, ಬೇಸ್ (ತಗ್ಗಿನ ಸ್ವರಗಳು) ಇಳಿಸಿ. ಮನೆಯಲ್ಲಿ ಸೊಗಸೆನಿಸುವ, ಮಿಡ್ ಕಳೆದ ನಾದವೇ ಬ್ಯಾಂಡಿನಲ್ಲಿ ಮೊದಲು ಮುಳುಗುವುದು. ಆಂಪಿನಲ್ಲಿ ಲೈನ್ ಔಟ್ (ಶಬ್ದವನ್ನು ತಂತಿಯ ಮೂಲಕ ಹೊರಗೆ ಕೊಡುವ ರಂಧ್ರ) ಇದ್ದರೆ ಹಾಡುಗಾರರ ಸ್ಪೀಕರಿಗೆ ಜೋಡಿಸಬಹುದು, ಇಲ್ಲದಿದ್ದರೆ ಸ್ಪೀಕರಿನ ಮುಂದೆ ಮೈಕ್ ಇಡಿ. ಕಿವಿಗೆ ಇಯರ್‌ಪ್ಲಗ್ ಮರೆಯಬೇಡಿ. 100 ಡೆಸಿಬಲ್ ಶಬ್ದಕ್ಕೆ ದಿನಕ್ಕೆ ಕಾಲು ಗಂಟೆಯಷ್ಟೇ ಸುರಕ್ಷಿತ ಎನ್ನುತ್ತದೆ ಕೆಲಸಗಾರರ ಸುರಕ್ಷತೆ, ಆರೋಗ್ಯ ಕುರಿತ ಅಮೆರಿಕದ ನಿಯೋಶ್ ಸಂಸ್ಥೆಯ ಶಿಫಾರಸು.

ಆಂಪ್ ಹಿಂದಿರುಗಿಸಲು ಹೋದಾಗ, ಡಬ್ಬ ತೆರೆದ ಮೇಲೆ ಬದಲಿಸುವುದಿಲ್ಲ ಎಂದರು. ಹಣ ಕೊಡುವ ಮೊದಲೇ, ಡ್ರಮ್ಸಿನೊಡನೆ ನುಡಿಸಿ ನೋಡಿ ಒಗ್ಗದಿದ್ದರೆ ಹಿಂದಕ್ಕೆ ಪಡೆಯುವುದಾಗಿ ಬಿಲ್ಲಿನ ಮೇಲೆಯೇ ಬರೆಸಿಕೊಳ್ಳಿ. ಬರೆದುಕೊಡಲು ಒಪ್ಪದ ಅಂಗಡಿಯಲ್ಲಿ ಕೊಳ್ಳಬೇಡಿ.