ಎಸ್‌ಎಸ್‌ಡಿ ಹಾಕಿಸುವವರೇ, ಹೊಸ ಬಾಕ್ಸ್ ನೋಡಿ ನಂಬಬೇಡಿ

ಹಳೇ ಡೆಸ್ಕ್‌ಟಾಪ್‌ಗೆ ಎಸ್‌ಎಸ್‌ಡಿ (ಫೈಲ್ ಇಡೋಕೆ ಹಾರ್ಡ್‌ಡಿಸ್ಕ್ ಬದಲು ಹಾಕುವ, ಅದಕ್ಕಿಂತ ಜೋರಾಗಿ ಓಡುವ ಡ್ರೈವ್) ಹಾಕಿಸೋಣ ಅಂತ ಹೊರಟಿದ್ದರೆ ಎರಡು ನಿಮಿಷ ಇದನ್ನ ಓದಿ. ಬೆಂಗಳೂರಿನಲ್ಲಿ, ನಮ್ಮ ಮನೆ ಹತ್ತಿರದ ಅಂಗಡಿಯಲ್ಲೇ, ಯಾರೋ ಬಳಸಿ ಬಿಟ್ಟ ಎಸ್‌ಎಸ್‌ಡಿಯನ್ನ ಹೊಸದು ಅಂತ ಹೇಳಿ ಹಾಕಿ ಕೊಟ್ಟಿದ್ದಾರೆ. ದುಡ್ಡು ಮಾತ್ರ ಹೊಸದರದ್ದು. ಬರೆಯುವಾಗಲೂ ಸಿಟ್ಟು ಇಳಿದಿಲ್ಲ.

ನನ್ನ ಪಿಸಿ 2017ರದ್ದು. ಯಾವುದಕ್ಕೆ ಎಷ್ಟು ಕೆಲಸ ಬಿದ್ದಿದೆ ಅಂತ ತೋರಿಸುವ ಟಾಸ್ಕ್ ಮ್ಯಾನೇಜರ್ ತೆಗೆದರೆ ಡಿಸ್ಕ್ ಯಾವಾಗಲೂ 100%, ಅದಕ್ಕೇ ಎಲ್ಲ ನಿಧಾನ. ಇಂಥ ಮೆಷಿನ್‌ಗೆ ಎಸ್‌ಎಸ್‌ಡಿಯೇ ಮದ್ದು ಅಂತ ಎಲ್ಲರಿಗೂ ಗೊತ್ತು. ಅಂಗಡಿಯವರು "ಎಸ್‌ಪಿ ರೋಡಿಂದ ತರಿಸ್ತೀನಿ ಸಾರ್, ಬಾಕ್ಸ್ ಪೀಸ್, ಐದು ವರ್ಷ ವಾರಂಟಿ" ಅಂದರು. ಎಸ್‌ಪಿ ರೋಡ್ ಅಂದರೆ ಬೆಂಗಳೂರಿನ ಕಂಪ್ಯೂಟರ್ ಸಾಮಾನಿನ ಮಾರ್ಕೆಟ್, ಬಾಕ್ಸ್ ಪೀಸ್ ಅಂದರೆ ಸೀಲ್ ಇರೋ ಹೊಸ ಮಾಲು. 500 ಜಿಬಿ ಎಸ್‌ಎಸ್‌ಡಿಗೆ 3,800 ರೂಪಾಯಿ, ಫಿಟ್ಟಿಂಗ್‌ಗೆ 500. ಹಳೇ 1 ಟಿಬಿ ಹಾರ್ಡ್‌ಡಿಸ್ಕ್ ಒಳಗೇ ಇರಲಿ, ಅದರಲ್ಲಿ ಮಗಳ ಫೋಟೋ ಎಲ್ಲ ಇದೆ ಅಂತ ಎದುರಿಗೇ ಹೇಳಿದ್ದೆ. ತಲೆ ಆಡಿಸಿದರು.

ಪಿಸಿ ವಾಪಸ್ ಬಂತು. ಬಾಕ್ಸೂ ಕೊಟ್ಟರು. ಸೀಲ್ ಕತ್ತರಿಸಿತ್ತು. "ಫಿಟ್ ಮಾಡೋಕೆ ಓಪನ್ ಮಾಡ್ಲೇಬೇಕಲ್ವಾ ಸಾರ್?" ಸರಿ, ನ್ಯಾಯವಾದ ಮಾತೇ. ವಿಂಡೋಸ್ ಫಟ್ ಅಂತ ಓಪನ್ ಆಯಿತು. ಮನೆಯವರಿಗೆಲ್ಲ ಖುಷಿ. ಮೋಸ ಇರೋದೇ ಇಲ್ಲಿ ನೋಡಿ. ಬಳಸಿದ ಎಸ್‌ಎಸ್‌ಡಿ ಕೂಡ ಹಾರ್ಡ್‌ಡಿಸ್ಕ್‌ಗಿಂತ ಎಷ್ಟೋ ಪಾಲು ಜೋರಾಗೇ ಓಡುತ್ತೆ. ಹಾರ್ಡ್‌ಡಿಸ್ಕ್ ಹಾಳಾಗುವಾಗ ಕಟಕಟ ಸದ್ದಾದರೂ ಮಾಡುತ್ತೆ, ಇದು ಅದೂ ಇಲ್ಲ. ಹೊಸದಾ ಹಳೇದಾ ಅಂತ ಸ್ಪೀಡ್ ನೋಡಿ ಯಾರಿಗೂ ಗೊತ್ತಾಗಲ್ಲ.

ಆದರೆ ಹಳೇ ಹಾರ್ಡ್‌ಡಿಸ್ಕ್‌ನ ಡಿ ಡ್ರೈವ್ ಕಾಣಲಿಲ್ಲ. ಫೋಟೋ ಎಲ್ಲಿ? ಡಿಸ್ಕ್ ಕನೆಕ್ಟ್ ಆಗಿದೆಯಾ ನೋಡೋಣ ಅಂತ ಕ್ರಿಸ್ಟಲ್‌ಡಿಸ್ಕ್‌ಇನ್ಫೋ (ಡ್ರೈವ್‌ಗಳ ಸ್ಥಿತಿ ತೋರಿಸುವ ಫ್ರೀ ಸಾಫ್ಟ್‌ವೇರ್) ಹಾಕಿದೆ. ಹಾರ್ಡ್‌ಡಿಸ್ಕ್ ಇಲ್ಲವೇ ಇಲ್ಲ. ಎಸ್‌ಎಸ್‌ಡಿ ಒಂದೇ. ಅದರ ಮುಂದೆ ಪವರ್ ಆನ್ ಅವರ್ಸ್, ಅಂದರೆ ಡ್ರೈವ್ ಇಲ್ಲಿವರೆಗೆ ಓಡಿದ ಒಟ್ಟು ಗಂಟೆ: 11,862.

ಹೊಸ ಡ್ರೈವ್‌ನಲ್ಲಿ ಅಲ್ಲಿ ಸೊನ್ನೆಯೋ, ನಾಲ್ಕೈದು ಗಂಟೆಯೋ ಇರಬೇಕು. ಇದು ಒಂದು ವರ್ಷ ನಾಲ್ಕು ತಿಂಗಳು ಹಗಲು ರಾತ್ರಿ ಓಡಿದ ಲೆಕ್ಕ. ಆನ್ ಮಾಡಿದ್ದು ಬರೀ 41 ಸಲ. ಅಂದರೆ ಯಾವುದೋ ಆಫೀಸಿನಲ್ಲಿ ಆಫ್ ಮಾಡದೇ ಓಡಿಸಿದ್ದು. ಹೆಲ್ತ್, ಅಂದರೆ ಡ್ರೈವ್‌ನ ಉಳಿದ ಆಯುಸ್ಸು, 71%. ಬಾಕ್ಸ್ ತಂದು ಸೀರಿಯಲ್ ನಂಬರ್ ಹೋಲಿಸಿದೆ. ಬಾಕ್ಸ್ ಮೇಲಿನದೇ ಬೇರೆ, ಸ್ಕ್ರೀನ್ ಮೇಲಿನದೇ ಬೇರೆ! ಕ್ಯಾಬಿನೆಟ್ ಬಿಚ್ಚಿ ಡ್ರೈವ್ ಹೊರಗೆ ತೆಗೆದರೆ ಕನೆಕ್ಟರ್‌ನ ಬಂಗಾರ ಬಣ್ಣದ ಪಟ್ಟಿಗಳ ಮೇಲೆ ಗೀರು, ಸ್ಕ್ರೂ ತೂತಿನ ಸುತ್ತ ಉಜ್ಜಿದ ಗುರುತು. ಮೈಯೆಲ್ಲ ಉರಿದುಹೋಯಿತು. "ಹೊಸದು ಹಾಕಿಸಿದೀನಿ, ನೋಡಿ ಹೇಗೆ ಓಡ್ತಿದೆ" ಅಂತ ಆಗಲೇ ಭಾವನಿಗೂ ಫೋನ್ ಮಾಡಿ ಹೇಳಿದ್ದೆ. ಎಷ್ಟು ನಾಚಿಕೆ ಆಯಿತು ಅಂದರೆ ಹೇಳೋಕಾಗಲ್ಲ.

ಅಂಗಡಿಗೆ ಹೋದೆ. ಉತ್ತರ ಕೇಳಿ. "ಅದು ಫ್ರೀ ಸಾಫ್ಟ್‌ವೇರ್ ಸಾರ್, ಏನೇನೋ ತೋರಿಸುತ್ತೆ." ಆ ಲೆಕ್ಕ ಬರೆದಿಟ್ಟುಕೊಳ್ಳೋದು ಡ್ರೈವೇ ಕಣ್ರೀ, ಸಾಫ್ಟ್‌ವೇರ್ ಓದಿ ಹೇಳುತ್ತೆ ಅಷ್ಟೇ ಅಂದೆ. "ಹಾಗಾದ್ರೆ ಕಂಪನಿಯವರೇ ಟೆಸ್ಟಿಂಗ್ ಮಾಡಿರ್ತಾರೆ." ಹನ್ನೊಂದು ಸಾವಿರ ಗಂಟೆ ಟೆಸ್ಟಿಂಗಾ? ಸೀರಿಯಲ್ ನಂಬರ್ ತೋರಿಸಿದರೆ "ಬಾಕ್ಸ್ ಅದಲು ಬದಲಾಗಿದೆ". ಕೊನೆಗೆ ನಗುತ್ತಾ, "ಸ್ಪೀಡ್ ಬರ್ತಿದೆ ಅಲ್ವಾ ಸಾರ್? ಮತ್ತೇನು ಪ್ರಾಬ್ಲಮ್?" ಅಂದರು. ಆ ನಗು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ಹಾರ್ಡ್‌ಡಿಸ್ಕ್ ಕೇಳಿದರೆ "ಬ್ಯಾಡ್ ಸೆಕ್ಟರ್ ಇತ್ತು, ಸ್ಕ್ರ್ಯಾಪ್‌ಗೆ ಹಾಕಿದೆ". ಬ್ಯಾಡ್ ಸೆಕ್ಟರ್ ಅಂದರೆ ಡಿಸ್ಕ್‌ನಲ್ಲಿ ಕೆಟ್ಟುಹೋದ ಜಾಗ. ನನ್ನ ಡಿಸ್ಕ್ ಸ್ಕ್ರ್ಯಾಪ್‌ಗೆ ಹಾಕೋಕೆ ಇವರು ಯಾರು? ಅದರಲ್ಲಿ ಆಧಾರ್, ಪ್ಯಾನ್, ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲ ಇದೆ. ಡಿಲೀಟ್ ಮಾಡಿದ್ದನ್ನೂ ರಿಕವರಿ ಮಾಡಬಹುದು ಅನ್ನೋದು ಇವರಿಗೆ ಗೊತ್ತಿಲ್ಲದ ವಿಷಯಾನಾ? ಪೊಲೀಸ್ ಸ್ಟೇಷನ್‌ಗೆ ಹೋಗ್ತೀನಿ ಅಂತ ಜೋರು ಮಾಡಿದ ಮೇಲೆ ಕೌಂಟರ್ ಕೆಳಗಿನ ಡ್ರಾಯರ್‌ನಿಂದಲೇ ತೆಗೆದು ಕೊಟ್ಟರು. ಡಿಸ್ಕ್ ಸರಿಯಾಗೇ ಇದೆ. ಯಾವ ಬ್ಯಾಡ್ ಸೆಕ್ಟರೂ ಇಲ್ಲ.

ದುಡ್ಡು ಬಂದಿಲ್ಲ. ಬಿಲ್ ಕೇಳಿದಾಗ ಪ್ರಿಂಟರ್ ಕೆಟ್ಟಿದೆ, ವಾಟ್ಸ್ಯಾಪ್ ಮಾಡ್ತೀನಿ ಅಂದಿದ್ದರು. ಬಂದ ಬಿಲ್‌ನಲ್ಲಿ "ಕಂಪ್ಯೂಟರ್ ಸರ್ವಿಸ್ 4,300" ಅಂತ ಅಷ್ಟೇ ಇದೆ. ಡ್ರೈವ್ ಹೆಸರಿಲ್ಲ, ಸೀರಿಯಲ್ ನಂಬರ್ ಇಲ್ಲ. ವಾರಂಟಿ ಯಾರ ಹತ್ತಿರ ಕೇಳೋದು? 1915ಕ್ಕೆ, ಅಂದರೆ ಗ್ರಾಹಕರ ಸಹಾಯವಾಣಿಗೆ, ಸ್ಕ್ರೀನ್‌ಶಾಟ್, ಎರಡೂ ನಂಬರ್ ಎಲ್ಲ ಸೇರಿಸಿ ದೂರು ಕೊಟ್ಟಿದ್ದೇನೆ.

ನೀವು ಹಾಕಿಸೋದಾದರೆ ಸೀಲ್ ನಿಮ್ಮ ಕಣ್ಣೆದುರೇ ಒಡೆಸಿ. ಅಲ್ಲೇ ಕೂತು ಹಾಕಿಸಿ. ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ ಗಂಟೆ ನೋಡಿ, ಆಮೇಲೇ ದುಡ್ಡು ಕೊಡಿ. ಸೀರಿಯಲ್ ನಂಬರ್ ಇರೋ ಬಿಲ್ ಕೊಡಲ್ಲ ಅಂದರೆ ಸುಮ್ನೆ ಎದ್ದು ಬನ್ನಿ. ಈಗಾಗಲೇ ಹಾಕಿಸಿಕೊಂಡವರು ಇವತ್ತು ರಾತ್ರಿಯೇ ಒಂದು ಸಲ ಚೆಕ್ ಮಾಡಿ, ಗಂಟೆ ಜಾಸ್ತಿ ತೋರಿಸಿದರೆ ಬೇರೆ ಏನೂ ಮಾಡುವ ಮುಂಚೆ ಫೋಟೋ, ಫೈಲು ಎಲ್ಲ ಇನ್ನೊಂದು ಕಡೆ ಕಾಪಿ ಮಾಡಿಟ್ಟುಕೊಳ್ಳಿ.